ಅರಮನೆ ಕಟ್ಟಿದ್ದು ಯಾರಿಗಾಗಿ? ನೀನೆವೆಯಿಂದ ಮೂಡುಬಿದಿರೆಯವರೆಗೆ

ಮೂಡುಬಿದಿರೆಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಸಾವಿರ ಕಂಬದ ಬಸದಿಯನ್ನು ನೋಡಿ ಮರಳುತ್ತಾರೆ. ಅದೇ ಪೇಟೆಯಲ್ಲಿ ಚೌಟ ಅರಸರ ಅರಮನೆಯೂ ಇದೆಯೆಂದು ತಿಳಿದು ಅತ್ತ ಹೆಜ್ಜೆ ಹಾಕುವವರು ಕಡಿಮೆ. ಹೋದವರಿಗೂ ಮೊದಲ ನೋಟಕ್ಕೆ ಅದು ಅರಮನೆಯೆಂದು ತೋರುವುದಿಲ್ಲ. ಮುಗಿಲು ಮುಟ್ಟುವ ಗೋಪುರವಾಗಲಿ, ಎದೆ ನಡುಗಿಸುವ ಮಹಾದ್ವಾರವಾಗಲಿ ಅಲ್ಲಿಲ್ಲ. ಹೆಂಚಿನ ಮಾಡು, ಮರದ ತೊಲೆ, ಮರದ ಕಂಬ. ತುಳುನಾಡಿನ ಹಿರಿಯ ಮನೆತನವೊಂದರ ಹಳೆಯ ಮನೆಯಂತೆಯೇ ಅದು ಕಾಣುತ್ತದೆ. ಕಂಬಗಳ ಸಮೀಪಕ್ಕೆ ಹೋದಾಗ ಮಾತ್ರ ನಮ್ಮ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಒಂದು ಕೆತ್ತನೆಯಲ್ಲಿ ಒಂಬತ್ತು ಮಂದಿ ಸ್ತ್ರೀಯರ ದೇಹಗಳು ಒಂದಕ್ಕೊಂದು ಹೆಣೆದುಕೊಂಡು ಆನೆಯ ಆಕಾರವಾಗಿವೆ. ಇನ್ನೊಂದರಲ್ಲಿ ಐವರು ಸೇರಿ ಕುದುರೆಯಾಗಿದ್ದಾರೆ. ನವನಾರೀ ಕುಂಜರ, ಪಂಚನಾರೀ ತುರಗ ಎಂದು ಕಲಾಭ್ಯಾಸಿಗಳು ಅವುಗಳನ್ನು ಕರೆಯುತ್ತಾರೆ.

ಕೆತ್ತಿದ ಶಿಲ್ಪಿಯ ಉದ್ದೇಶ ಕೈಚಳಕವನ್ನು ತೋರುವುದಷ್ಟೇ ಆಗಿದ್ದಿರಬಹುದು. ಆದರೆ ಅದನ್ನು ನೋಡುವ ನಮಗೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಆನೆ ಮತ್ತು ಕುದುರೆ ರಾಜವೈಭವದ ಲಾಂಛನಗಳು. ಆ ವೈಭವವನ್ನು ಬಿಡಿಸಿ ನೋಡಿದರೆ ಒಳಗಿರುವುದು ಮನುಷ್ಯರ ದೇಹಗಳೇ. ಲೋಕದ ಯಾವ ರಾಜಧಾನಿಯೂ ಯಾವ ಅರಮನೆಯೂ ಇದಕ್ಕೆ ಹೊರತಲ್ಲ. ಆದುದರಿಂದ ಒಂದು ಅರಮನೆಯ ಮುಂದೆ ನಿಂತಾಗ ಅದು ಎಷ್ಟು ಎತ್ತರವಿದೆ ಎಂಬುದಕ್ಕಿಂತ ಮೊದಲು ಅದನ್ನು ಯಾರಿಂದ ಕಟ್ಟಿಸಲಾಯಿತು, ಯಾರಿಗಾಗಿ ಕಟ್ಟಿಸಲಾಯಿತು ಎಂದು ಕೇಳಬೇಕಾಗುತ್ತದೆ. ಈ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಊರಿನಿಂದ ಇರಾಕಿನ ಪುರಾತನ ಅಸ್ಸೀರಿಯಾದವರೆಗೆ ಹೋಗಿ ಮರಳಿ ಬರಲು ಯತ್ನಿಸಿದ್ದೇವೆ.

ಅವಶೇಷಗಳನ್ನು ಓದುವ ಬಗೆ

ಭೂಮಿಯಲ್ಲಿ ಸಂಚರಿಸಿ ಗತಿಸಿದ ಜನಾಂಗಗಳ ಅಂತ್ಯ ಏನಾಯಿತೆಂದು ನೋಡುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಆದೇಶಿಸುತ್ತದೆ. ಸೂರಃ ಅರ್ರೂಮ್‌ನಲ್ಲಿ, ಅವರು ಇವರಿಗಿಂತ ಬಲಿಷ್ಠರಾಗಿದ್ದರು, ಭೂಮಿಯನ್ನು ಇವರಿಗಿಂತ ಹೆಚ್ಚು ಉತ್ತು ಕಟ್ಟಿ ಬೆಳೆಸಿದ್ದರು ಎಂಬ ಮಾತೂ ಇದೆ. ಗಮನಿಸಬೇಕಾದ ಸಂಗತಿಯೆಂದರೆ ಕುರ್‌ಆನ್ ಅವರ ಸಾಮರ್ಥ್ಯವನ್ನು ಅಲ್ಲಗಳೆಯುವುದಿಲ್ಲ. ಸ್ತಂಭಗಳ ಇರಮ್ ನಗರವನ್ನೂ ಕಣಿವೆಯಲ್ಲಿ ಬಂಡೆಗಳನ್ನು ಕೊರೆದ ಸಮೂದ್ ಜನಾಂಗವನ್ನೂ ಅದು ಹೆಸರಿಸಿಯೇ ಹೇಳುತ್ತದೆ.

ಕಟ್ಟುವುದನ್ನು ಇಸ್ಲಾಮ್ ನಿಷೇಧಿಸಿಲ್ಲ. ಮಾನವನನ್ನು ಭೂಮಿಯಿಂದಲೇ ಸೃಷ್ಟಿಸಿ, ಅದನ್ನು ನೆಲೆಗೊಳಿಸಿ ಅಭಿವೃದ್ಧಿಪಡಿಸುವ ಹೊಣೆಯನ್ನು ಅವನಿಗೆ ವಹಿಸಲಾಗಿದೆಯೆಂದು ಪ್ರವಾದಿ ಸಾಲಿಹ್(ಅ) ತಮ್ಮ ಜನರಿಗೆ ಹೇಳಿದ್ದನ್ನು ಸೂರಃ ಹೂದ್‌ನಲ್ಲಿ ಕಾಣುತ್ತೇವೆ. ಅದೇ ವೇಳೆ ಪ್ರವಾದಿ ಹೂದ್(ಅ) ಆದ್ ಜನಾಂಗವನ್ನು ಪ್ರಶ್ನಿಸಿದ ರೀತಿಯನ್ನು ಸೂರಃ ಅಶ್ಶುಅರಾ ತಿಳಿಸುತ್ತದೆ. ದಿಣ್ಣೆ ದಿಣ್ಣೆಗಳ ಮೇಲೆ ವೃಥಾ ಸ್ಮಾರಕಗಳನ್ನು ಎಬ್ಬಿಸುತ್ತೀರಲ್ಲ, ಇಲ್ಲಿ ಶಾಶ್ವತವಾಗಿ ಇರುವವರಂತೆ ಭವ್ಯ ಸೌಧಗಳನ್ನು ಕಟ್ಟುತ್ತೀರಲ್ಲ ಎಂಬುದು ಅವರ ಆಕ್ಷೇಪ. ಅದರ ಬೆನ್ನಿಗೇ, ನೀವು ಯಾರ ಮೇಲಾದರೂ ಕೈಮಾಡಿದರೆ ದಬ್ಬಾಳಿಕೆಗಾರರಂತೆ ಕೈಮಾಡುತ್ತೀರಿ ಎಂಬ ಆರೋಪವೂ ಬರುತ್ತದೆ. ವ್ಯರ್ಥ ಸೌಧವೂ ದಬ್ಬಾಳಿಕೆಯ ಕೈಯೂ ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ಇದರ ಅತಿ ಸ್ಪಷ್ಟ ನಿದರ್ಶನವನ್ನು ಕಲ್ಲಿನಲ್ಲಿಯೇ ಬರೆದಿಟ್ಟು ಹೋದವರು ಅಸ್ಸೀರಿಯಾದ ಅರಸರು.

ಮೂರು ರಾಜಧಾನಿಗಳು

ಇಂದಿನ ಉತ್ತರ ಇರಾಕಿನಲ್ಲಿ, ಟೈಗ್ರಿಸ್ ಅಥವಾ ದಿಜ್ಲಾ ನದಿಯ ತೀರದಲ್ಲಿ ಬೆಳೆದ ಸಾಮ್ರಾಜ್ಯ ಅಸ್ಸೀರಿಯಾ. ಅದರ ಮೂಲನಗರ ಅಶ್ಶೂರ್. ಕ್ರಿ.ಪೂ. 883ರಿಂದ 859ರವರೆಗೆ ಆಳಿದ ಎರಡನೆಯ ಅಶ್ಶೂರ್‌ನಾಸಿರ್‌ಪಾಲ್ ರಾಜಧಾನಿಯನ್ನು ಕಲ್ಹುವಿಗೆ ಸ್ಥಳಾಂತರಿಸಿದನು. ಈಗ ಅದನ್ನು ನಿಮ್ರೂದ್ ಎಂದು ಕರೆಯುತ್ತಾರೆ. ಅವನು ಝಾಬ್ ನದಿಯಿಂದ ಕಾಲುವೆ ತೆಗೆಸಿ ತೋಟಗಳನ್ನು ಬೆಳೆಸಿದನು. ಗೆದ್ದ ನಾಡುಗಳಿಂದ ಜನರನ್ನು ಎತ್ತಿ ತಂದು ಅಲ್ಲಿ ನೆಲೆಗೊಳಿಸಿದನು. ಅರಮನೆಯ ಪ್ರವೇಶಿಕೆಗಳಲ್ಲಿ ಮನುಷ್ಯಮುಖವೂ ರೆಕ್ಕೆಗಳೂ ಉಳ್ಳ ಬೃಹತ್ ಗೂಳಿ, ಸಿಂಹಗಳನ್ನು ನಿಲ್ಲಿಸಿದನು. ಗೋಡೆಯ ಕಲ್ಲುಗಳ ಮೇಲೆ ತನ್ನ ಬಿರುದುಗಳನ್ನೂ ವಿಜಯಗಳನ್ನೂ ಒಂದೇ ಪಾಠದಲ್ಲಿ ಮತ್ತೆ ಮತ್ತೆ ಕೆತ್ತಿಸಿದನು. ದಂಗೆಯೆದ್ದವರ ಚರ್ಮ ಸುಲಿಸಿದ್ದನ್ನು ಅವನು ಮುಚ್ಚಿಡಲಿಲ್ಲ. ಶಾಸನಗಳಲ್ಲಿ ಹೆಮ್ಮೆಯಿಂದಲೇ ದಾಖಲಿಸಿದನು.

1951ರಲ್ಲಿ ನಿಮ್ರೂದ್‌ನಲ್ಲಿ ದೊರೆತ ಒಂದು ಶಿಲಾಶಾಸನ ಈ ಅರಮನೆಯ ಪ್ರವೇಶೋತ್ಸವವನ್ನು ವರ್ಣಿಸುತ್ತದೆ. ಅದರ ಪ್ರಕಾರ 10 ದಿನಗಳ ಆ ಔತಣಕ್ಕೆ ಬಂದವರ ಸಂಖ್ಯೆ 69,574. ನಾಡಿನ ಎಲ್ಲೆಡೆಯಿಂದ ಕರೆಸಲ್ಪಟ್ಟ 47,074 ಮಂದಿ, ಪರದೇಶಗಳ 5,000 ರಾಯಭಾರಿಗಳು, ಕಲ್ಹುವಿನ 16,000 ನಿವಾಸಿಗಳು, ಅರಮನೆಯ 1,500 ಅಧಿಕಾರಿಗಳು ಎಂದು ವಿಂಗಡಿಸಿಯೇ ಬರೆಯಲಾಗಿದೆ. ಉಣಿಸಿದವರನ್ನು ಇಷ್ಟು ಎಚ್ಚರಿಕೆಯಿಂದ ಎಣಿಸಿದ ಅರಸನು, ಕಲ್ಲು ಹೊತ್ತು ಮಡಿದವರ ಎಣಿಕೆಯನ್ನು ನಮಗೆ ಬಿಟ್ಟುಹೋಗಿಲ್ಲ.

ಸುಮಾರು ಒಂದೂವರೆ ಶತಮಾನದ ಬಳಿಕ ಎರಡನೆಯ ಸರ್ಗೋನ್ ಎಂಬ ಅರಸನಿಗೆ ಕಲ್ಹು ಸಾಲದಾಯಿತು. ಕ್ರಿ.ಪೂ. 717ರಲ್ಲಿ ಅವನು ಬರಿಯ ಬಯಲಿನಲ್ಲಿ ದೂರ್ ಶರ್ರುಕಿನ್, ಅಂದರೆ ಸರ್ಗೋನನ ಕೋಟೆ, ಎಂಬ ಹೊಸ ನಗರಕ್ಕೆ ಅಡಿಪಾಯ ಹಾಕಿದನು. ಅದರ ಪ್ರತಿ ಬದಿಯೂ ಹೆಚ್ಚುಕಡಿಮೆ 1.7 ಕಿಲೋಮೀಟರ್, ಕೋಟೆಗೆ ಏಳು ಬಾಗಿಲುಗಳು. ಇತಿಹಾಸಕ್ಕೆ ನ್ಯಾಯ ಸಲ್ಲಬೇಕಾದರೆ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ನಗರಕ್ಕಾಗಿ ಜಮೀನು ಕಳೆದುಕೊಂಡವರಿಗೆ ಬೆಳ್ಳಿ, ತಾಮ್ರಗಳಲ್ಲಿ ಬೆಲೆ ತೆತ್ತೆನೆಂದೂ, ಹಣ ಬೇಡವೆಂದವರಿಗೆ ಹೊಲಕ್ಕೆ ಬದಲಾಗಿ ಹೊಲ ಕೊಟ್ಟೆನೆಂದೂ ಸರ್ಗೋನ್ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇಂದಿನ ಭೂಸ್ವಾಧೀನಗಳ ಕಥೆ ಬಲ್ಲ ನಮಗೆ ಅದು ಸಣ್ಣ ಮಾತಲ್ಲ. ಆದರೆ ಅದೇ ನಗರದ ಗೋಡೆಗಳನ್ನು ಎಬ್ಬಿಸಲು ದುಡಿದವರಲ್ಲಿ ಪರನಾಡಿನ ಸೆರೆಯಾಳುಗಳೂ ಇದ್ದರು. ಕ್ರಿ.ಪೂ. 706ರಲ್ಲಿ ನಗರದ ಪ್ರವೇಶೋತ್ಸವ ನಡೆಯಿತು. ಮರುವರ್ಷವೇ ಸರ್ಗೋನ್ ದೂರದ ಅನಟೋಲಿಯಾದ ಯುದ್ಧದಲ್ಲಿ ಹತನಾದನು. ಅವನ ಶವವೂ ಊರಿಗೆ ಮರಳಲಿಲ್ಲ. ಹತ್ತು ವರ್ಷ ಕಟ್ಟಿಸಿದ ಅರಮನೆಯಲ್ಲಿ ಅವನು ಬಾಳಿದ್ದು ಸುಮಾರು ಒಂದು ವರ್ಷ.

ಅವನ ಮಗ ಸೆನ್ನಾಕೆರಿಬ್ ತಂದೆಯ ನಗರವನ್ನು ರಾಜಧಾನಿಯಾಗಿ ಉಳಿಸಿಕೊಳ್ಳದೆ ನೀನೆವೆಗೆ ನಡೆದನು. ಕ್ರಿ.ಪೂ. 704ರಿಂದ 681ರವರೆಗಿನ ಆಳ್ವಿಕೆಯಲ್ಲಿ ಅವನು ನೀನೆವೆಗೆ ಸುಮಾರು 12 ಕಿಲೋಮೀಟರ್ ಸುತ್ತಳತೆಯ ಕೋಟೆ ಕಟ್ಟಿಸಿದನು. ತನ್ನ ಅರಮನೆಗೆ ಸಾಟಿಯೇ ಇಲ್ಲದ ಅರಮನೆ ಎಂದು ತಾನೇ ಹೆಸರಿಟ್ಟನು. ಬೆಟ್ಟದ ತೊರೆಗಳ ನೀರನ್ನು ಬಹುದೂರದಿಂದ ಕಾಲುವೆಗಳ ಮೂಲಕ ತಂದನು. ಆ ಕಾಲುವೆಯನ್ನು ಕಣಿವೆಯೊಂದರ ಮೇಲೆ ದಾಟಿಸಲು ಜೆರ್ವಾನ್‌ನಲ್ಲಿ ಕಟ್ಟಿಸಿದ ಸುಮಾರು 280 ಮೀಟರ್ ಉದ್ದದ ಕಲ್ಲುಸೇತುವೆಯ ಅವಶೇಷ ಇಂದಿಗೂ ಇದೆ. ಅದಕ್ಕೆ 20 ಲಕ್ಷಕ್ಕೂ ಮಿಕ್ಕಿ ಕಲ್ಲುಗಳು ಬಳಕೆಯಾಗಿವೆಯೆಂದು ಅಂದಾಜಿಸಲಾಗಿದೆ. ನೀರನ್ನು ತಂದದ್ದು ಲೋಕೋಪಯೋಗಿ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಅರಮನೆಯ ಕಥೆ ಮಾತ್ರ ಬೇರೆ. ಅದರ ಒಂದು ಅಂಗಳದ ಗೋಡೆಯಲ್ಲಿ ಆ ಬೃಹತ್ ಗೂಳಿಗಳನ್ನು ಕಲ್ಲುಗಣಿಯಿಂದ ಎಳೆದು ತರುವ ದೃಶ್ಯವನ್ನೇ ಕೆತ್ತಲಾಗಿದೆ. ಸಾಲು ಸಾಲಾಗಿ ಮನುಷ್ಯರು ಭುಜಕ್ಕೆ ಹಗ್ಗ ಬಿಗಿದುಕೊಂಡು ಎಳೆಯುತ್ತಿದ್ದಾರೆ. ಅವರ ನಡುವೆ ಕೋಲು ಹಿಡಿದ ಮೇಲ್ವಿಚಾರಕರು. ಮೇಲಿನಿಂದ ಅರಸನು ರಥದಲ್ಲಿ ನಿಂತು ನೋಡುತ್ತಿದ್ದಾನೆ. ಎಳೆಯುವವರ ಉಡುಗೆ ತೊಡುಗೆಗಳ ಭಿನ್ನತೆಯಿಂದ ಅವರು ಬೇರೆ ಬೇರೆ ನಾಡುಗಳ ಸೆರೆಯಾಳುಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಮೂಡುಬಿದಿರೆಯ ಕಂಬದಲ್ಲಿ ಶಿಲ್ಪಿಯ ಚಮತ್ಕಾರವಾಗಿ ಕಂಡದ್ದು ಇಲ್ಲಿ ಬರಿಯ ಚಮತ್ಕಾರವಾಗಿ ಉಳಿದಿಲ್ಲ. ಅರಸನ ಗೂಳಿ ನಿಂತಿರುವುದು ನಿಜವಾದ ಮನುಷ್ಯರ ಭುಜದ ಮೇಲೆ. ಆ ಅರಸನು ಕ್ರಿ.ಪೂ. 681ರಲ್ಲಿ ಸತ್ತದ್ದು ಸ್ವಂತ ಮಗನ ಸಂಚಿನಿಂದ. ಸಾಟಿಯಿಲ್ಲದ ಅರಮನೆಗೆ ಅವನನ್ನು ತನ್ನ ಮಗನಿಂದಲೂ ರಕ್ಷಿಸಲಾಗಲಿಲ್ಲ.

ಕ್ರಿ.ಪೂ. 612ರಲ್ಲಿ ಬಾಬಿಲೋನಿಯನ್ನರೂ ಮೀಡರೂ ಸೇರಿ ನೀನೆವೆಯನ್ನು ಸುಟ್ಟರು. ಕ್ರಿ.ಪೂ. 401ರಲ್ಲಿ ಗ್ರೀಕ್ ಲೇಖಕ ಕ್ಸೆನೊಫನ್ ತನ್ನ ಸೈನಿಕರೊಡನೆ ಕಲ್ಹು, ನೀನೆವೆಗಳ ಪಾಳುಗೋಡೆಗಳ ಬದಿಯಲ್ಲಿ ಹಾದುಹೋದನು. ಗೋಡೆಗಳ ಎತ್ತರ, ಅಗಲಗಳನ್ನು ಅವನು ಬರೆದನು. ಅವುಗಳನ್ನು ಕಟ್ಟಿದವರು ಅಸ್ಸೀರಿಯನ್ನರೆಂದು ಅವನಿಗೆ ತಿಳಿಯಲಿಲ್ಲ. ಪ್ರತಿ ಕಲ್ಲಿನಲ್ಲೂ ತಮ್ಮ ಹೆಸರು ಕೆತ್ತಿಸಿದ ಅರಸರ ಹೆಸರು 211 ವರ್ಷಗಳಲ್ಲಿ ದಾರಿಹೋಕರ ಬಾಯಿಂದ ಅಳಿದುಹೋಗಿತ್ತು.

ನಮ್ಮ ಕನ್ನಡಿ

ಇದನ್ನು ಓದಿ, ಅದು ವಿಗ್ರಹಾರಾಧಕ ಅರಸರ ಕಥೆ, ನಮಗೇನು ಎಂದುಕೊಂಡರೆ ನಾವು ಪಾಠವನ್ನು ತಪ್ಪಾಗಿ ಓದಿದಂತೆ. ನಮ್ಮ ಕರ್ನಾಟಕದಲ್ಲಿಯೇ, ಮುಸ್ಲಿಮ್ ಅರಸನೊಬ್ಬನ ಕಾಲದಲ್ಲಿಯೇ, ದೂರ್ ಶರ್ರುಕಿನ್‌ಗೆ ಹೋಲುವ ಒಂದು ಪ್ರಸಂಗ ನಡೆದಿದೆ. ವಿಜಯಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ ಕಲಾಪ್ರೇಮಿ, ಸಹಿಷ್ಣು, ಸಂಗೀತಜ್ಞ. 1599ರಲ್ಲಿ ಅವನು ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಬಳಿ, ನವರಸಪುರವೆಂಬ ಹೊಸ ರಾಜಧಾನಿಯನ್ನು ಕಟ್ಟಿಸತೊಡಗಿದನು. ಆ ನಗರ ಪೂರ್ಣಗೊಳ್ಳುವ ಮೊದಲೇ 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ದಾಳಿ ಮಾಡಿದವನೂ ಮುಸ್ಲಿಮನೇ. ಇಂದು ಅಲ್ಲಿ ಸಂಗೀತ ಮಹಲಿನ ಪಾಳುಗೋಡೆಗಳಿವೆ. ಅಲ್ಲಾಹನ ನಿಯಮ ಹೆಸರು ನೋಡಿ ಬದಲಾಗುವುದಿಲ್ಲ.

ಆದರೆ ವಿಜಯಪುರದ ಅದೇ ಅರಸುಮನೆತನ ಪಟ್ಟಣದ ಜನರಿಗಾಗಿ ಕಟ್ಟಿಸಿದ ತಾಜ್ ಬಾವಡಿಯಂತಹ ಬಾವಿಗಳು ಅರಸೊತ್ತಿಗೆ ಅಳಿದ ಮೇಲೂ ಉಳಿದವು.

ಉಳಿದ ಹೆಸರು ಯಾವುದು?

ನೀನೆವೆಯ ಕಥೆಯಲ್ಲಿ ನಾವು ಇದುವರೆಗೂ ಹೇಳದ ಒಂದು ಮುಖ್ಯ ಭಾಗವಿದೆ. ಪ್ರವಾದಿ ಯೂನುಸ್(ಅ) ಕಳುಹಿಸಲ್ಪಟ್ಟದ್ದು ಈ ನಗರದ ಜನರ ಬಳಿಗೇ ಎಂದು ಕುರ್‌ಆನ್ ವ್ಯಾಖ್ಯಾನಕಾರರು ಹೇಳುತ್ತಾರೆ. ಕುರ್‌ಆನ್ ಊರಿನ ಹೆಸರನ್ನು ಹೇಳದೆ, ಅವರನ್ನು ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಜನರ ಕಡೆಗೆ ಕಳುಹಿಸಲಾಯಿತೆಂದು ಮಾತ್ರ ಸೂರಃ ಅಸ್ಸಾಫ್ಫಾತ್‌ನಲ್ಲಿ ತಿಳಿಸುತ್ತದೆ. ಜನರ ಹಠಕ್ಕೆ ನೊಂದು ಹೊರಟ ಯೂನುಸ್(ಅ), ಹಡಗು, ಮೀನಿನ ಹೊಟ್ಟೆಯ ಕತ್ತಲು, ಅಲ್ಲಿಂದ ಹೊಮ್ಮಿದ ಪಶ್ಚಾತ್ತಾಪದ ಪ್ರಾರ್ಥನೆ, ಇವು ನಮ್ಮ ಮದ್ರಸದ ಮಕ್ಕಳಿಗೂ ತಿಳಿದ ಕಥೆ. ನಮ್ಮ ಗಮನಕ್ಕೆ ಕಡಿಮೆ ಬರುವ ಸಂಗತಿ ಇನ್ನೊಂದು. ಶಿಕ್ಷೆಯ ಅಂಚಿನಲ್ಲಿದ್ದ ಒಂದು ನಾಡು ವಿಶ್ವಾಸವಿರಿಸಿ, ಆ ವಿಶ್ವಾಸ ಅದರ ಪ್ರಯೋಜನಕ್ಕೆ ಬಂದದ್ದು ಯೂನುಸರ ಜನರ ವಿಷಯದಲ್ಲಿ ಮಾತ್ರ ಎಂದು ಸೂರಃ ಯೂನುಸ್ ಹೇಳುತ್ತದೆ. ಅವರನ್ನು ಅಂದು ಉಳಿಸಿದ್ದು ಕೋಟೆಯಲ್ಲ, ಪಶ್ಚಾತ್ತಾಪ. ಮುಂದೆ ಕೋಟೆಯನ್ನೇ ನೆಚ್ಚಿದ ನೀನೆವೆಯನ್ನು ಆ ಕೋಟೆ ಉಳಿಸಲಿಲ್ಲ.

ನೀನೆವೆ ಸುಟ್ಟು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಪ್ರವಾದಿ ಮುಹಮ್ಮದ್(ಸ) ತಾಯಿಫ್‌ಗೆ ಹೋದರು. ಅಲ್ಲಿಯವರು ಕಲ್ಲೆಸೆದು ಅಟ್ಟಿದಾಗ ಗಾಯಗೊಂಡ ಕಾಲುಗಳೊಂದಿಗೆ ತೋಟವೊಂದರ ನೆರಳಿಗೆ ಬಂದು ಕುಳಿತರು. ತೋಟದ ಒಡೆಯರ ಗುಲಾಮ ಅದ್ದಾಸ್ ದ್ರಾಕ್ಷಿಯ ಗೊಂಚಲು ತಂದಿಟ್ಟನು. ಪ್ರವಾದಿ(ಸ) ಅಲ್ಲಾಹನ ಹೆಸರು ಹೇಳಿ ತಿನ್ನತೊಡಗಿದಾಗ ಅವನು ಬೆರಗಾದನು. ಈ ಊರಿನವರು ಹೀಗೆ ಹೇಳುವುದಿಲ್ಲವಲ್ಲ ಎಂದನು. ನೀನು ಯಾವ ಊರಿನವನು ಎಂದು ಪ್ರವಾದಿ(ಸ) ವಿಚಾರಿಸಿದರು. ತಾನು ಕ್ರೈಸ್ತನೆಂದೂ ನೀನೆವೆಯವನೆಂದೂ ಅವನು ಉತ್ತರಿಸಿದನು. ಹಾಗಾದರೆ ನೀನು ಸಜ್ಜನರಾದ ಯೂನುಸ್ ಬಿನ್ ಮತ್ತಾರ ಊರಿನವನು ಎಂದರು ಪ್ರವಾದಿ(ಸ). ಅವರು ನಿಮಗೆ ಹೇಗೆ ಗೊತ್ತೆಂದು ಅವನು ಕೇಳಿದಾಗ, ಅವರು ನನ್ನ ಸಹೋದರ, ಅವರೂ ಪ್ರವಾದಿ, ನಾನೂ ಪ್ರವಾದಿ ಎಂಬ ಉತ್ತರ ಬಂದಿತು. ಅದ್ದಾಸ್ ಬಾಗಿ ಅವರ ಶಿರಸ್ಸನ್ನೂ ಕೈಕಾಲುಗಳನ್ನೂ ಚುಂಬಿಸಿದನು.

ನೀನೆವೆಯ ಹೆಸರು ಕೇಳಿದಾಗ ಆ ತೋಟದಲ್ಲಿ ಸೆನ್ನಾಕೆರಿಬನ ನೆನಪು ಯಾರಿಗೂ ಆಗಲಿಲ್ಲ. ಅರಮನೆಯಿಲ್ಲದ, ಸೇನೆಯಿಲ್ಲದ ಪ್ರವಾದಿಯೊಬ್ಬರ ಹೆಸರಿನಿಂದ ಆ ಊರು ಗುರುತಿಸಲ್ಪಟ್ಟಿತು. ಗುರುತಿಸಿದವರು ಊರಿನಿಂದ ಅಟ್ಟಲ್ಪಟ್ಟ ಪ್ರವಾದಿ(ಸ); ಕೇಳಿಸಿಕೊಂಡವನು ಒಬ್ಬ ಗುಲಾಮ.

ಬಾಗಿಲನ್ನು ಸುಡಿಸಿದ ಖಲೀಫಾ

ಪ್ರವಾದಿ(ಸ)ರ ನಿಧನಾನಂತರ ಕೆಲವೇ ವರ್ಷಗಳಲ್ಲಿ ಇರಾಕ್ ಮುಸ್ಲಿಮರ ಆಡಳಿತಕ್ಕೆ ಬಂದಿತು. ಅಸ್ಸೀರಿಯಾದ ಅರಸರು ಆಳಿದ ಆ ದೇಶದಲ್ಲಿಯೇ ಹಿಜರಿ 17ರಲ್ಲಿ, ಅಂದರೆ ಕ್ರಿ.ಶ. 638ರಲ್ಲಿ, ಖಲೀಫಾ ಉಮರ್(ರ)ರ ಅನುಮತಿಯಿಂದ ಸಅದ್ ಬಿನ್ ಅಬೀ ವಕ್ಕಾಸ್(ರ) ಕೂಫಾ ನಗರವನ್ನು ಸ್ಥಾಪಿಸಿದರು. ಮೊದಲು ಅಲ್ಲಿ ಜೊಂಡಿನ ಗುಡಿಸಲುಗಳಿದ್ದವು. ಬೆಂಕಿ ಬಿದ್ದು ಅವು ಸುಟ್ಟುಹೋದಾಗ ಇಟ್ಟಿಗೆಯಿಂದ ಕಟ್ಟಲು ಖಲೀಫಾರು ಒಪ್ಪಿದರು. ಆದರೆ ಯಾರೂ ಮೂರಕ್ಕಿಂತ ಹೆಚ್ಚು ಕೋಣೆ ಕಟ್ಟಬಾರದು, ಎತ್ತರದಲ್ಲಿ ಪೈಪೋಟಿ ನಡೆಸಬಾರದು ಎಂದು ವಿಧಿಸಿದರೆಂಬುದನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ.

ಸಅದ್(ರ)ರ ನಿವಾಸ ಮಾರುಕಟ್ಟೆಯ ಬಳಿಯಿತ್ತು. ಗದ್ದಲ ತಡೆಯಲು ಅವರು ಬಾಗಿಲು ಇರಿಸಿಕೊಂಡರು. ಜನ ಅದನ್ನು ಸಅದರ ಅರಮನೆಯೆಂದು ಕರೆಯತೊಡಗಿದರು. ಸುದ್ದಿ ಮದೀನಾಕ್ಕೆ ತಲುಪಿದೊಡನೆ ಉಮರ್(ರ) ಮುಹಮ್ಮದ್ ಬಿನ್ ಮಸ್ಲಮಾ(ರ)ರನ್ನು ಕಳುಹಿಸಿ ಆ ಬಾಗಿಲನ್ನು ಸುಡಿಸಿದರು. ಆಡಳಿತಗಾರ ಮತ್ತು ಅಹವಾಲು ತರುವ ಬಡವನ ನಡುವೆ ಒಂದು ಬಾಗಿಲೂ ಅಡ್ಡ ನಿಲ್ಲಬಾರದೆಂಬುದೇ ಅದರ ಹಿಂದಿನ ಆಶಯ. ಸಅದ್(ರ) ಇರಾನಿನ ಸೇನೆಯನ್ನು ಕಾದಿಸಿಯಾದಲ್ಲಿ ಸೋಲಿಸಿದ ಸೇನಾನಿ, ಸ್ವರ್ಗದ ಸುವಾರ್ತೆ ಪಡೆದ ಹತ್ತು ಸಹಾಬಿಗಳಲ್ಲಿ ಒಬ್ಬರು. ಅವರ ಬಾಗಿಲಿಗೂ ರಿಯಾಯಿತಿ ಸಿಗಲಿಲ್ಲ. ನೀನೆವೆಯಲ್ಲಿ ಬಾಗಿಲಿಗೆ ಗೂಳಿಗಳನ್ನು ನಿಲ್ಲಿಸಿದ್ದು ಒಳಬರುವವನ ಎದೆ ನಡುಗಿಸಲು. ಕೂಫಾದಲ್ಲಿ ಬಾಗಿಲನ್ನೇ ಸುಟ್ಟದ್ದು ಒಳಬರುವವನ ಅಳುಕನ್ನು ಹೋಗಲಾಡಿಸಲು.

ಉಳ್ಳಾಲದ ರಾಣಿ, ಮೂಡುಬಿದಿರೆಯ ತಾಳೆಗರಿ

ಈಗ ನಾವು ಮೂಡುಬಿದಿರೆಯ ಅರಮನೆಗೆ ಮರಳೋಣ. ಚೌಟರೂ ಅಸ್ಸೀರಿಯಾದ ಅರಸರಂತೆ ರಾಜಧಾನಿಗಳನ್ನು ಬದಲಿಸಿದವರೇ. ಜೈನಧರ್ಮವನ್ನು ಅನುಸರಿಸಿ, ಅಳಿಯಸಂತಾನ ಕ್ರಮದಲ್ಲಿ ಪಟ್ಟವೇರುತ್ತಿದ್ದ ಈ ಮನೆತನದ ನೆಲೆ ಮೊದಲು ಕಡಲ ತೀರದ ಸೋಮೇಶ್ವರ, ಉಳ್ಳಾಲ, ಅನಂತರ ಪುತ್ತಿಗೆ, 17ನೆಯ ಶತಮಾನದಲ್ಲಿ ಮೂಡುಬಿದಿರೆ. ಅವರು ಸಂತರಾಗಿದ್ದರೆಂದು ನಾವು ಹೇಳುತ್ತಿಲ್ಲ. ನೆರೆಯ ಅರಸರೊಡನೆ ಅವರೂ ಕಾದಾಡಿದ್ದಾರೆ, ರೈತರಿಂದ ಅವರೂ ಕಂದಾಯ ಪಡೆದಿದ್ದಾರೆ. ಆದರೆ ಅದೇ ಮನೆತನದ ಉಳ್ಳಾಲದ ರಾಣಿ ಅಬ್ಬಕ್ಕ 16ನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಎದುರುನಿಂತಳು. ಅವಳ ಬಲದಲ್ಲಿ ಜೈನರೊಂದಿಗೆ ಮೊಗವೀರರೂ ನಮ್ಮ ಬ್ಯಾರಿ ಪೂರ್ವಿಕರೂ ಇದ್ದರು. ಕಲ್ಲಿಕೋಟೆಯ ಸಾಮೂದಿರಿಯ ನೆರವೂ ಅವಳಿಗಿತ್ತು. ಪೋರ್ಚುಗೀಸರು ಉಳ್ಳಾಲದ ಅರಮನೆಯನ್ನು ಹಿಡಿದ ರಾತ್ರಿ ಅವಳು ಮಸೀದಿಯೊಂದರಲ್ಲಿ ಆಶ್ರಯ ಪಡೆದು, ಅಲ್ಲಿಂದಲೇ ಜನರನ್ನು ಕೂಡಿಸಿಕೊಂಡು ಮರುದಾಳಿ ನಡೆಸಿದಳೆಂಬ ಕಥನ ನಮ್ಮ ನಾಡಿನಲ್ಲಿ ಇಂದಿಗೂ ಪ್ರಚಲಿತವಿದೆ. ಅರಮನೆ ಕೈತಪ್ಪಿದಾಗ ಜೈನ ರಾಣಿಗೆ ಅಲ್ಲಾಹನ ಭವನದ ಬಾಗಿಲು ತೆರೆದಿತ್ತೆಂದು ಸಾರುವ ಈ ಕಥನವನ್ನು ನಾಡು ಇಷ್ಟು ಕಾಲ ಕಾಪಾಡಿಕೊಂಡಿರುವುದೇ ಮಹತ್ತ್ವದ ಸಂಗತಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆಗಿನ ಉಳ್ಳಾಲದ ರಾಣಿಯನ್ನು ಕಾಣಲು ಮಣೇಲ್‌ಗೆ ಬಂದನು. ಅವಳ ಹೆಸರೂ ಅಬ್ಬಕ್ಕನೇ. ಅವಳು ಅವನಿಗೆ ಕಾಣಸಿಕ್ಕಿದ್ದು ಸಿಂಹಾಸನದ ಮೇಲಲ್ಲ. ಹೊಲಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ಅವಳು ಬರಿಗಾಲಿನಲ್ಲಿ, ಸಾಧಾರಣ ಬಟ್ಟೆಯಲ್ಲಿ, ಓಲೆಯ ಕೊಡೆಯ ನೆರಳಿನಲ್ಲಿ ನಡೆದು ಬರುತ್ತಿದ್ದಳು. ಮೇಲ್ನೋಟಕ್ಕೆ ಅಡುಗೆಯವಳಂತೆ ತೋರುವ ಈಕೆಯೇ ಐರೋಪ್ಯ ಸೇನೆಯನ್ನು ಹಿಮ್ಮೆಟ್ಟಿಸಿದವಳೇ ಎಂದು ಅವನು ತನ್ನ ಪತ್ರಗಳಲ್ಲಿ ಬೆರಗು ವ್ಯಕ್ತಪಡಿಸಿದ್ದಾನೆ. ಸೆನ್ನಾಕೆರಿಬ್ ಕೂಡ ಕಾಲುವೆ ತೋಡಿಸಿದವನೇ. ಆದರೆ ಅವನು ತನ್ನ ಗೋಡೆಯಲ್ಲಿ ತನ್ನನ್ನು ಚಿತ್ರಿಸಿಕೊಂಡದ್ದು ರಥದ ಮೇಲೆ, ಎಳೆಯುವವರಿಗಿಂತ ಎತ್ತರದಲ್ಲಿ. ನಮ್ಮ ನಾಡಿನ ರಾಣಿ ಅಗೆಯುವವರ ನಡುವೆ ಅದೇ ಮಣ್ಣಿನ ಮೇಲೆ ನಿಂತಿದ್ದಳು.

ಮೂಡುಬಿದಿರೆ ಲೋಕಪ್ರಸಿದ್ಧವಾದದ್ದು ಅರಮನೆಯಿಂದಲ್ಲ. 1430ರ ಸುಮಾರಿಗೆ ಕಟ್ಟಲಾದ ಸಾವಿರ ಕಂಬದ ಬಸದಿಯೂ ಸೇರಿದಂತೆ ಹದಿನೆಂಟು ಬಸದಿಗಳಿಂದ ಹಾಗೂ ಅಲ್ಲಿ ಜತನದಿಂದ ಕಾಪಾಡಲಾದ ತಾಳೆಗರಿ ಗ್ರಂಥಗಳಿಂದ ಅದು ಹೆಸರಾಗಿದೆ. ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಧವಲಾ ಎಂಬ ಮಹಾವ್ಯಾಖ್ಯಾನದ ಪ್ರಾಚೀನ ಪ್ರತಿಗಳು ಉಳಿದದ್ದು ಇಲ್ಲಿಯೇ. ಅದರ ಮೊದಲ ಸಂಪುಟ 1939ರಲ್ಲಿ ಮುದ್ರಣಗೊಂಡಾಗ ಜೈನ ವಿದ್ವತ್ ಲೋಕಕ್ಕೆ ಕಳೆದುಹೋದ ಸಂಪತ್ತು ಮರಳಿ ಸಿಕ್ಕಂತಾಯಿತು. ನೀನೆವೆಯಲ್ಲಿಯೂ ನಡೆದದ್ದು ಹೆಚ್ಚುಕಡಿಮೆ ಇದೇ. ಅಶ್ಶೂರ್‌ಬಾನಿಪಾಲ್ ಎಂಬ ಅರಸನು ಸಂಗ್ರಹಿಸಿದ ಗ್ರಂಥಾಲಯದ ಸುಮಾರು 30,000 ಮಣ್ಣಿನ ಹಲಗೆಗಳು ಮತ್ತು ತುಣುಕುಗಳು 19ನೆಯ ಶತಮಾನದ ಉತ್ಖನನದಲ್ಲಿ ದೊರೆತವು. ಅರಮನೆಯನ್ನು ನಾಶಪಡಿಸಿದ ಬೆಂಕಿ ಹಸಿಮಣ್ಣಿನ ಹಲಗೆಗಳನ್ನು ಬೇಯಿಸಿ ಗಟ್ಟಿಗೊಳಿಸಿತ್ತು. ಅರಸರ ದರ್ಪ ಸುಟ್ಟುಹೋಯಿತು. ಜ್ಞಾನ ಅದೇ ಬೆಂಕಿಯಲ್ಲಿ ಬೆಂದು ಉಳಿಯಿತು.

ಪಾಠವನ್ನೇ ಒಡೆದವರು

ನೀನೆವೆಯ ಒಂದು ದಿಬ್ಬಕ್ಕೆ ಇಂದಿಗೂ ನಬೀ ಯೂನುಸ್ ಎಂದೇ ಹೆಸರು. ಅದರ ಮೇಲೆ ಯೂನುಸ್(ಅ)ರ ಹೆಸರಿನ ಮಸೀದಿಯಿತ್ತು. 2014ರ ಜುಲೈಯಲ್ಲಿ ಐಸಿಸ್ ಉಗ್ರರು ಆ ಮಸೀದಿಯನ್ನು ಸ್ಫೋಟಿಸಿದರು. ಮರುವರ್ಷ ನಿಮ್ರೂದ್‌ನ ಅರಮನೆಯನ್ನೂ ಪುಡಿಮಾಡಿದರು. ಮಸೀದಿಯ ಅಡಿಯಲ್ಲಿ ಅವರು ತೋಡಿದ ಸುರಂಗಗಳಲ್ಲಿ ಸೆನ್ನಾಕೆರಿಬನ ಮಗ ಎಸರ್‌ಹದ್ದೋನನ ಅರಮನೆಯ ಭಾಗಗಳು ಬೆಳಕಿಗೆ ಬಂದವು. ಇದೆಲ್ಲವನ್ನೂ ಅವರು ಧರ್ಮದ ಹೆಸರಿನಲ್ಲಿ ಮಾಡಿದರೆಂಬುದು ನಮ್ಮನ್ನು ತಲೆತಗ್ಗಿಸುವಂತೆ ಮಾಡುತ್ತದೆ. ಹಿಜರಿಯ ಮೊದಲ ಶತಮಾನದಿಂದಲೂ ಇರಾಕ್ ಮುಸ್ಲಿಮರ ಕೈಯಲ್ಲಿತ್ತು. ನೀನೆವೆಯ ಎದುರು ದಡದಲ್ಲಿಯೇ ಮೋಸುಲ್ ನಗರ ಬೆಳೆಯಿತು. ಆ ದಿಬ್ಬಗಳನ್ನು ಸ್ಫೋಟಿಸುವುದು ಧರ್ಮಕಾರ್ಯವೆಂದು ಅಷ್ಟು ಶತಮಾನಗಳ ಉಲಮಾಗಳು ಬಗೆಯಲಿಲ್ಲ. ಸಂಚರಿಸಿ ನೋಡಿರಿ ಎಂದು ಅಲ್ಲಾಹನು ಆದೇಶಿಸಿರುವಾಗ, ನೋಡಬೇಕಾದುದನ್ನೇ ಅಳಿಸಿದರೆ ಮುಂದಿನವರು ಏನನ್ನು ನೋಡಬೇಕು? ಮೂಡುಬಿದಿರೆಯ ಅರಮನೆ, ಬಸದಿ, ತಾಳೆಗರಿಗಳೂ ನಮ್ಮ ನೆರೆಯವರ ಪಾಲಿಗೆ ಪವಿತ್ರ; ನಮ್ಮ ಪಾಲಿಗೆ ಚರಿತ್ರೆಯ ಪಾಠ. ಅವುಗಳ ರಕ್ಷಣೆಯಲ್ಲಿ ನಮಗೂ ಹೊಣೆಯಿದೆ.

ನಮ್ಮ ಮನೆಗಳ ಮುಂದೆ

ಕೊನೆಯಲ್ಲಿ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ. ಕಡೆಯ ದಿನದ ಕುರುಹುಗಳಲ್ಲಿ ಒಂದಾಗಿ, ಬರಿಗಾಲಿನ ಕುರಿಗಾಹಿಗಳು ಎತ್ತರದ ಕಟ್ಟಡಗಳಲ್ಲಿ ಪೈಪೋಟಿ ನಡೆಸುವುದನ್ನು ಪ್ರವಾದಿ(ಸ) ಹೆಸರಿಸಿದ್ದಾರೆ. ಇದನ್ನು ಕೇಳಿದಾಗ ನಾವು ಕೊಲ್ಲಿ ರಾಷ್ಟ್ರಗಳ ಗೋಪುರಗಳತ್ತ ಬೆರಳು ತೋರಿಸುತ್ತೇವೆ. ಆ ಗೋಪುರಗಳ ನೆರಳಿನಲ್ಲಿ ದುಡಿದ ಹಣದಿಂದ ನಮ್ಮದೇ ಕರಾವಳಿಯ ಊರುಗಳಲ್ಲಿ ಎದ್ದಿರುವ ಮನೆಗಳ ಮಾತೇನು? ಮಗ ಮರುಭೂಮಿಯ ಬಿಸಿಲಿನಲ್ಲಿ ಹತ್ತು ಮಂದಿಯೊಡನೆ ಒಂದು ಕೋಣೆಯಲ್ಲಿ ಬಾಳುತ್ತಾನೆ. ಊರಿನಲ್ಲಿ ಅವನ ಮನೆಯ ಮೇಲಂತಸ್ತಿನ ಕೋಣೆಗಳಿಗೆ ಬೀಗ ಬಿದ್ದಿರುತ್ತದೆ. ರಜೆಗೆ ಬಂದ ಒಂದೆರಡು ತಿಂಗಳು ಅವನು ಅದರಲ್ಲಿ ಅತಿಥಿ. ಹತ್ತು ವರ್ಷ ಕಟ್ಟಿಸಿ ಒಂದು ವರ್ಷ ಬಾಳಿದ ಸರ್ಗೋನನಿಗೂ ನಮಗೂ ಹೆಚ್ಚಿನ ಅಂತರವಿದೆಯೇ? ಮನೆ ಬೇಡವೆಂದಲ್ಲ. ನೆರೆಮನೆಯವನ ಮನೆಗಿಂತ ಒಂದು ಮೊಳ ಎತ್ತರವಿರಬೇಕೆಂದು ಮಾಡಿದ ಸಾಲ, ಅದರ ಬಡ್ಡಿ, ಅದಕ್ಕಾಗಿ ಮುಂದೂಡಿದ ತಂಗಿಯ ಓದು, ಇವುಗಳ ಲೆಕ್ಕವನ್ನು ನಾವು ಕೇಳಿಕೊಳ್ಳಬೇಕಾಗಿದೆ. ಮಸೀದಿಗಳ ವಿಷಯದಲ್ಲಿಯೂ ಅಷ್ಟೇ. ಮಿನಾರ ಎತ್ತರವಾಗುತ್ತಿರುವ ಜಮಾಅತಿನಲ್ಲಿ ಉಸ್ತಾದರ ವೇತನ ಎಷ್ಟೆಂದೂ, ಅನಾಥ ಮಕ್ಕಳ ಒಲೆ ಉರಿಯುತ್ತಿದೆಯೇ ಎಂದೂ ವಿಚಾರಿಸುವುದು ಮಸೀದಿಗೆ ಅಗೌರವವಲ್ಲ.

ಪ್ರವಾದಿ(ಸ)ರ ಪತ್ನಿಯರ ಕೋಣೆಗಳು ಮಣ್ಣಿನ ಇಟ್ಟಿಗೆ ಮತ್ತು ಖರ್ಜೂರದ ಗರಿಗಳಿಂದಾಗಿದ್ದವು. ಬಾಲಕನಾಗಿದ್ದಾಗ ಅವುಗಳ ಮಾಡು ತನ್ನ ಕೈಗೆ ಎಟಕುತ್ತಿತ್ತೆಂದು ಹಸನ್ ಬಸ್ರಿ(ರ) ನೆನಪಿಸಿಕೊಂಡಿದ್ದಾರೆ. ಉಮವೀ ಖಲೀಫಾ ವಲೀದನ ಕಾಲದಲ್ಲಿ ಮಸ್ಜಿದುನ್ನಬವಿಯ ವಿಸ್ತರಣೆಗಾಗಿ ಆ ಕೋಣೆಗಳನ್ನು ಕೆಡವಿದಾಗ ಮದೀನಾದ ಜನ ಅತ್ತರು. ತಾಬಿಈ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್(ರ) ಅಂದು, ಅವುಗಳನ್ನು ಇದ್ದಂತೆಯೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲುಬಿದರು. ಅಲ್ಲಾಹನ ಸಂದೇಶವಾಹಕರು(ಸ) ತಮ್ಮ ಬಾಳಿಗೆ ಎಷ್ಟು ಸಾಕೆಂದುಕೊಂಡರೆಂಬುದನ್ನು ಮದೀನಾದಲ್ಲಿ ಬೆಳೆಯುವ ಮಕ್ಕಳೂ ಹೊರಗಿನಿಂದ ಬರುವವರೂ ಕಣ್ಣಾರೆ ಕಂಡು, ಹೆಚ್ಚು ಹೆಚ್ಚು ಕೂಡಿಡುವ ಪೈಪೋಟಿಯಿಂದ ದೂರವಿರಲಿ ಎಂಬುದು ಅವರ ಹಂಬಲವಾಗಿತ್ತು.

ಆ ಕೋಣೆಗಳು ಈಗ ಇಲ್ಲ. ಆದರೆ ಕೈಗೆ ಎಟಕುವ ಆ ಮಾಡಿನ ಅಳತೆ ನಮ್ಮ ಬಳಿ ಉಳಿದಿದೆ. ನಮ್ಮ ಮನೆಯನ್ನೂ ನಮ್ಮ ಜಮಾಅತಿನ ಕಟ್ಟಡವನ್ನೂ ಆ ಅಳತೆಯಿಂದ ಅಳೆಯುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಯೂನುಸರ ಜನರಿಗೆ ಅನುಗ್ರಹಿಸಿದಂತೆ, ಗೋಡೆಗಳು ಬೀಳುವ ಮೊದಲೇ ಮನಸ್ಸು ತಿರುಗುವ ಭಾಗ್ಯವನ್ನು ಅವನು ನಮಗೂ ಅನುಗ್ರಹಿಸಲಿ. ಆಮೀನ್.